ಕಡಲಹಸುವಿನ ಉಸಿರು

ಹೊಳೆ ಸಮುದ್ರ ಸೇರೋ ಕಡೆ ಒಂದು ಆಶ್ರಮ ಇತ್ತು. ನೀರು ಇಳಿದಾಗ ಗುಂಡಿಗಳಲ್ಲಿ ಸಿಕ್ಕಿಬಿದ್ದ ಮೀನನ್ನೆಲ್ಲ ಎತ್ತಿ ಹೊಳೆಗೆ ಬಿಡೋದು ಅಲ್ಲಿನ ಪದ್ಧತಿ. ಬಿಟ್ಟ ಮೇಲೇ ಗಂಜಿ.

ಶಿಷ್ಯ ಹೊನ್ನಪ್ಪ ಇದರಲ್ಲಿ ಎಂಥ ನಿಸ್ಸೀಮ ಅಂದ್ರೆ, ಅವನ ಹೆಜ್ಜೆ ಸಪ್ಪಳಕ್ಕೆ ಮೀನುಗಳು ತಾವೇ ಬುಟ್ಟಿಗೆ ಹಾರ್ತಿದ್ವು. ನಾನೇ ಕಣ್ಣಾರೆ ನೋಡಿದೀನಿ.

ಅವತ್ತು ಕೇರಿ ಮಕ್ಕಳಿಗೂ ಕಲಿಸೋಣ ಅಂತ ಕರ್ಕೊಂಡು ಹೋಗಿದ್ದ.

"ಅಣ್ಣಾ, ಇಲ್ನೋಡಿ!" ಅಂತ ಸುಕ್ರಿ ಅನ್ನೋ ಹುಡುಗಿ ಕಿರುಚಿದ್ಲು. "ಎಮ್ಮೆಕರುವಿನಷ್ಟು ದೊಡ್ಡ ಮೀನು!"

ಗುಂಡೀಲಿ ಬೂದು ಬಣ್ಣದ ಪ್ರಾಣಿ. ಹರಿದ ಬಲೇಲಿ ಸಿಕ್ಕಿಕೊಂಡು, ಮೂತಿ ಮೇಲೆತ್ತಿ ಒದ್ದಾಡ್ತಿತ್ತು.

"ಗಾಳಿಗೆ ಸತ್ತುಹೋಗುತ್ತೆ! ತಲೆ ನೀರಿಗೆ ಅದುಮಿ!" ಅಂದ ಹೊನ್ನಪ್ಪ.

ಮಕ್ಕಳೆಲ್ಲ ಮೇಲೆ ಬಿದ್ದು ಅದುಮಿದ್ರು. ಅದು ಎತ್ತಿತು. ಇವರು ಅದುಮಿದ್ರು. ಕೊನೆಗೆ ಎತ್ತೋದನ್ನೇ ಬಿಡ್ತು.

"ನೋಡಿ, ಈಗ ಹಾಯಾಗಿದೆ," ಅಂದ ಹೊನ್ನಪ್ಪ.

ಅಷ್ಟರಲ್ಲಿ ಗುರುಗಳು ಓಡಿ ಬಂದ್ರು. ನೂರು ದಾಟಿದ ಮುದುಕರು. ಆ ಓಟಕ್ಕೆ ದಡದ ಏಡಿಗಳೆಲ್ಲ ದಾರಿ ಬಿಟ್ವು. ಹೊನ್ನಪ್ಪನ್ನ ಆಚೆ ತಳ್ಳಿ, ಪ್ರಾಣಿ ಮೂತಿ ಮೇಲೆತ್ತಿದ್ರು. ಅವನ ಅಂಗೈನ ಅದರ ಮೂಗಿಗೆ ಹಿಡಿಸಿದ್ರು.

"ಏನು ಗೊತ್ತಾಗ್ತಿದೆ?"

"ಏನೂ ಇಲ್ಲ, ಗುರುಗಳೇ."

"ಕೈ ತೆಗೀಬೇಡ."

ಮಕ್ಕಳೆಲ್ಲ ಬಗ್ಗಿ ಕತ್ತು ಚಾಚಿದ್ರು.

ಪುಸ್ಸ್!

"ಬಿಸಿ!" ಹೊನ್ನಪ್ಪ ಕೂಗಿಬಿಟ್ಟ. "ಉಸಿರು ಬಿಸಿಯಾಗಿದೆ!"

"ನನಗೂ! ನನಗೂ!" ಮಕ್ಕಳ ಕೈಗಳೆಲ್ಲ ನುಗ್ಗಿದ್ವು.

"ಅಜ್ಜಾ, ಇದಕ್ಕೆ ಮೀಸೆ ಇದೆ! ನಿಮಗಿಂತ ಚೆನ್ನಾಗಿದೆ!" ಅಂದ್ಲು ಸುಕ್ರಿ.

ಗುರುಗಳು ಬಲೆ ಬಿಡಿಸಿ ತಮ್ಮ ಶಾಲು ಹಾಸಿದ್ರು. ಎಲ್ಲರೂ ಸೇರಿ ಅದನ್ನ ಹೊಳೆಗೆ ಎಳೆದ್ರು. ಅಲ್ಲಿ ಅದರ ತಾಯಿ ಕಾದಿತ್ತು. ತಾಯಿ ಮಗ್ಗುಲು ಬದಲಿಸಿದ ರಭಸಕ್ಕೆ ಆಶ್ರಮದ ಅಡುಗೆಮನೆಗೇ ನೀರು ನುಗ್ಗಿತು ಅಂದ್ಕೊಳ್ಳಿ.

ಮರಿ ತಾಯಿಯ ಈಜುಕೈ ಕೆಳಗೆ, ಕಂಕುಳಿಗೆ ಮೂತಿ ತೂರಿಸ್ತು.

"ಹಾಲು ಕುಡೀತಿದೆ!" ಮಕ್ಕಳು ಕುಣಿದ್ರು. "ನಮ್ಮ ಪುಟ್ಟ ತಮ್ಮನ ಥರಾನೇ!"

"ಅದು ಕಡಲಹಸು," ಅಂದ್ರು ಗುರುಗಳು. "ಸಸ್ತನಿ. ಉಸಿರಾಡೋಕೆ ನೀರಿಂದ ಮೂತಿ ಮೇಲೆತ್ತಲೇಬೇಕು. ನೀವೂ ಸಸ್ತನಿಗಳೇ. ಹೋಗಿ, ನೆಂಟರಿಗೆ ಕೈ ಬೀಸಿ."

ಮಕ್ಕಳು ನೀರಿಗೆ ಓಡಿದ್ರು. ಹೊನ್ನಪ್ಪ ಮಾತ್ರ ನಿಂತಲ್ಲೇ ನಿಂತಿದ್ದ.

"ಗುರುಗಳೇ, ಕಾಪಾಡಬೇಕು ಅಂತಾನೇ ಅದುಮಿದೆ."

"ಗೊತ್ತು ಕಣೋ."

"ಇಷ್ಟು ವರ್ಷ ಎಷ್ಟೊಂದು ಮೀನು ಉಳಿಸಿದೀನಿ!"

"ಇವತ್ತೂ ಮೀನನ್ನೇ ಉಳಿಸ್ತಿದ್ದೆ. ಗುಂಡೀಲಿ ಮೀನು ಇರಲಿಲ್ಲ, ಅಷ್ಟೇ."

"ಮತ್ತೆ ನಾಳೆಯಿಂದ ಏನು ಮಾಡ್ಲಿ?"

ಗುರುಗಳು ಒದ್ದೆ ಶಾಲು ಹಿಂಡಿ ಅವನ ಹೆಗಲಿಗೆ ಹಾಕಿದ್ರು.

"ಯಾರನ್ನ ಕಾಪಾಡೋಕೆ ಹೋದ್ರೂ, ಮೊದಲು ಅವರ ಮೂಗಿನ ಹತ್ರ ಅಂಗೈ ಹಿಡಿ, ಹೊನ್ನಪ್ಪ."