ಅರಸನ ಸಾವನ್ನು ಕಂಡ ಆಮೆ

ಕೋಟೆಯ ಕಂದಕದ ಮುದಿ ಆಮೆ ಪ್ರಾಚೀನ ಕಾಲದ ಅರಸನನ್ನು ಕಣ್ಣಾರೆ ಕಂಡಿತ್ತು. ಆ ಅರಸನ ಮೇಲೆ ಧಾರಾವಾಹಿ ತೆಗೆಯುತ್ತಿದ್ದ ನವಿಲು ಬಂದು ಕೇಳಿತು: "ಅಜ್ಜಾ, ಅರಸರು ತೀರಿಕೊಂಡದ್ದು ಹೇಗೆ?"

"ಬಚ್ಚಲಲ್ಲಿ ಜಾರಿ ಬಿದ್ದು."

"ಅದನ್ನು ಯಾರು ನೋಡುತ್ತಾರೆ? ನಮ್ಮ ಅರಸ ಮೈತುಂಬ ಬಾಣ ನಾಟಿದರೂ ಹಾಡು ಮುಗಿಸಿಯೇ ಸಾಯುತ್ತಾನೆ."

"ನಾನು ಬದುಕಿರುವವರೆಗೆ ಈ ಸುಳ್ಳನ್ನು ಒಪ್ಪುವುದಿಲ್ಲ" ಎಂದು ಆಮೆ ಸಿಟ್ಟಿನಿಂದ ಚಿಪ್ಪಿನೊಳಗೆ ಸೇರಿಕೊಂಡಿತು.

ಆದರೂ ಧಾರಾವಾಹಿ ಶುರುವಾದಾಗ ಅದು ಕಾವಲುಗಾರನ ಮನೆಯ ಬಾಗಿಲಲ್ಲಿ ಕತ್ತು ಚಾಚಿ ಕೂತು ಟಿ.ವಿ. ನೋಡಿತು. ಅರಸ ಹಾಡುತ್ತ ಹಾಡುತ್ತ ನೆಲಕ್ಕುರುಳಿದಾಗ ಗಳಗಳನೆ ಅತ್ತುಬಿಟ್ಟಿತು.

"ಅಜ್ಜಾ, ನಿಜವಾಗಿಯೂ ಹೀಗೇ ಆಯಿತೆ?" ಎಂದು ಪಕ್ಕದಲ್ಲಿದ್ದ ಕಪ್ಪೆ ಕೇಳಿತು.

ಆಮೆ ಕಣ್ಣೊರೆಸಿಕೊಂಡಿತು. "ಹೀಗೇ ಮಗು. ನಾನು ಅಲ್ಲೇ ಇದ್ದೆ. ಒಂದೆರಡು ಬಾಣ ನನ್ನ ಚಿಪ್ಪಿಗೂ ತಾಗಿದವು."