ಬಾವಿಯ ಮಾತೆಯ ಅರ್ಧ ಬೆರಳು

“ಗುರುಗಳೇ, ನಾನು ಕಟ್ಟಿಸಿದ ಅರವಟ್ಟಿಗೆಯ ಕಲ್ಲಿನ ಮೇಲೆ ನನ್ನ ಹೆಸರು ಕೆತ್ತಿಸಲೇ? ಇಲ್ಲದಿದ್ದರೆ ದಾರಿಹೋಕರಿಗೆ ನೀರು ಕೊಟ್ಟವನು ನಾನೆಂದು ನಾಳೆ ಯಾರಿಗೆ ಗೊತ್ತಾಗುತ್ತದೆ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ನಕ್ಕರು. “ಕೂತುಕೋ. ದೂರದ ರೊಮೇನಿಯಾ ದೇಶದ ಒಬ್ಬ ಶಿಲ್ಪಿಯ ಕತೆ ಹೇಳುತ್ತೇನೆ” ಎಂದು ಆರಂಭಿಸಿದರು.

ಆ ದೇಶದ ಹಳ್ಳಿಗಳಲ್ಲಿ ಬಾವಿಯ ಪಕ್ಕ ಓಕ್ ಮರದ ಶಿಲುಬೆ ನೆಡುತ್ತಾರೆ. ಜನ ಅದಕ್ಕೆ ನಮಿಸಿ ನೀರು ಕುಡಿಯುತ್ತಾರೆ. ಮಳೆಗೆ, ಹಿಮಕ್ಕೆ ಅದು ಶಿಥಿಲವಾದರೆ ತೇಪೆ ಹಾಕುವುದಿಲ್ಲ, ಒಲೆಗೂ ಇಡುವುದಿಲ್ಲ. ಅದನ್ನೇ ನೋಡಿಕೊಂಡು ಹೊಸದನ್ನು ಕೆತ್ತಿ ನಿಲ್ಲಿಸುತ್ತಾರೆ. ಹಳೆಯದು ಹೊಸದರ ಬುಡದಲ್ಲೇ ಮಣ್ಣಾಗುತ್ತದೆ. ದೇವರದ್ದು ದೇವರ ಪಾದದಲ್ಲೇ ಕರಗಲಿ ಎಂಬ ಭಕ್ತಿ ಅವರದು.

ಶಿಲ್ಪಿಗೆ ಇಪ್ಪತ್ತು ವರ್ಷವಾಗಿದ್ದಾಗ ತನ್ನ ಹಳ್ಳಿಯ ಬಾವಿಗೆ ಅವನೇ ಶಿಲುಬೆ ಕೆತ್ತಿದ. ಅದರ ಮೇಲೆ ನೀರಿನ ಬೋಗುಣಿ ಹಿಡಿದ ಯೇಸುಮಾತೆ. ಇನ್ನೇನು ಮುಗಿಯಿತು ಎನ್ನುವಾಗ ಉಳಿ ಮರದ ಗಂಟಿಗೆ ತಾಗಿ ಜಾರಿತು. ಮಾತೆಯ ಕಿರುಬೆರಳು ಅರ್ಧಕ್ಕೇ ಹಾರಿಹೋಯಿತು. ಊರವರು ಶಿಲುಬೆ ನೆಟ್ಟರು, ಸಂತೋಷಪಟ್ಟರು. ಅವನಿಗೆ ಮಾತ್ರ ಕಂಡದ್ದು ಆ ಬೆರಳೊಂದೇ. ನಾಚಿಕೆಯಿಂದ ಊರು ಬಿಟ್ಟ.

ರಾಜಧಾನಿಯಲ್ಲಿ ಅವನ ಕೈ ಪಳಗಿತು. ಅಮೃತಶಿಲೆ ಬೆಣ್ಣೆಯಂತೆ ಅವನ ಮಾತು ಕೇಳಿತು. ದೇಶವಾಳುವವನ ಪ್ರತಿಮೆಗಳನ್ನು ಕಂಚಿನಲ್ಲಿ ಎರಕ ಹೊಯ್ದ. ಊರೂರಿನ ಚೌಕದಲ್ಲಿ ಅವು ನಿಂತವು. ಪ್ರತಿ ಪೀಠದ ಮೇಲೂ ಶಿಲ್ಪಿಯ ಹೆಸರು. ಪದಕಗಳು ಬಂದವು. ಒಂದು ಚಳಿಗಾಲದಲ್ಲಿ ಆ ಆಳ್ವಿಕೆ ಉರುಳಿತು. ಜನ ಹಗ್ಗ ಕಟ್ಟಿ ಪ್ರತಿಮೆಗಳನ್ನು ಕೆಡವಿದರು, ಕಂಚನ್ನು ಕರಗಿಸಿದರು. ಪೀಠದ ಮೇಲಿನ ಹೆಸರನ್ನೂ ಸುತ್ತಿಗೆಯಿಂದ ಜಜ್ಜಿದರು.

ಶಿಲ್ಪಿ ಮುದುಕನಾಗಿ ಹಳ್ಳಿಗೆ ಮರಳಿದ. ತಾನು ಮಾಡಿದ್ದೆಂಬುದು ಈ ಭೂಮಿಯ ಮೇಲೆ ಒಂದಾದರೂ ಉಳಿದಿದೆಯೇ ಎಂದು ನೋಡಬೇಕಿತ್ತು ಅವನಿಗೆ. ಬಾವಿಯ ಬಳಿ ಅವನ ಶಿಲುಬೆ ಪಾಚಿ ಹಿಡಿದ ಮೋಟಾಗಿ ಬಿದ್ದಿತ್ತು. ಆಮೇಲೆ ನೆಟ್ಟದ್ದೂ ಹಳತಾಗಿ ವಾಲಿತ್ತು. ಅದನ್ನು ನೋಡಿಕೊಂಡು ಹೆಂಗಸೊಬ್ಬಳು ಮೂರನೆಯದನ್ನು ಕೆತ್ತುತ್ತಿದ್ದಳು. ವಾಲಿದ್ದರಲ್ಲೂ ಮಾತೆಯ ಕಿರುಬೆರಳು ಅರ್ಧ. ಹೊಸದರಲ್ಲೂ ಅರ್ಧಕ್ಕೇ ಗೆರೆ ಎಳೆದಿತ್ತು.

ಅವನಿಗೆ ತಡೆಯಲಾಗಲಿಲ್ಲ. “ಅಮ್ಮಾ, ಅದು ಉಳಿ ಜಾರಿ ಆದ ತಪ್ಪು. ಬೆರಳನ್ನು ಪೂರ್ತಿ ಕೆತ್ತು.”

“ಏನಜ್ಜಾ, ಉಳಿ ಯಾವ ಕಡೆ ಹಿಡೀಬೇಕು ಅಂತಲಾದರೂ ಗೊತ್ತಾ ನಿನಗೆ?” ಎಂದಳು ಅವಳು. “ನಮ್ಮಪ್ಪನೂ ಹೀಗೇ ಕೆತ್ತಿದ್ದು. ತಾಯಿ ಬೆರಳು ಮಡಿಸಿದ್ದಾಳೆ, ಕಾಣಲ್ವಾ? ಎಲ್ಲರೂ ಕುಡಿದಾದ ಮೇಲೆ ತಡವಾಗಿ ಬರುವವನಿಗೆ ಅಂತ ಆ ಬೆರಳಲ್ಲಿ ಒಂದು ಗುಟುಕು ಹಿಡಿದಿಟ್ಟಿದ್ದಾಳೆ. ಆ ಬೆರಳು ಬದಲಾಯಿಸಿದರೆ ಊರವರು ನನ್ನನ್ನೇ ಬಾವಿಗೆ ತಳ್ಳುತ್ತಾರೆ!”

ಮುದುಕ ವಾಲಿದ ಶಿಲುಬೆಯ ಅರ್ಧ ಬೆರಳನ್ನು ಮುಟ್ಟಿ ನೋಡಿದ. ಯಾವ ತಪ್ಪಿಗೆ ತಾನು ಮುಖ ಮರೆಸಿಕೊಂಡು ಓಡಿದ್ದನೋ ಅದೇ ತಪ್ಪನ್ನು ದೇವರು ಎತ್ತಿಟ್ಟುಕೊಂಡು, ಐವತ್ತು ವರ್ಷ ಅದರಿಂದಲೇ ಜನರನ್ನು ಸಂತೈಸಿದ್ದ. ತನ್ನ ಹೆಸರು ಮುದುಕನ ನಾಲಿಗೆಯ ತುದಿಗೆ ಬಂತು. ಹೇಳಿದರೆ ಹೆಸರು ಉಳಿಯುತ್ತಿತ್ತು. ತಾಯಿ ಹಿಡಿದಿಟ್ಟ ಗುಟುಕು ಮಾತ್ರ ಬರೀ ಉಳಿಯ ತಪ್ಪಾಗಿಬಿಡುತ್ತಿತ್ತು. ಅವನು ಬೊಗಸೆಯೊಡ್ಡಿ ನೀರು ಕುಡಿದ. ಆಮೇಲೆ ಕೇಳಿದ: “ಆ ಬೆರಳೊಂದನ್ನು ನಾನು ಕೆತ್ತಲಾ?”

ಅವಳು ಅನುಮಾನದಿಂದಲೇ ಉಳಿ ಕೊಟ್ಟಳು. ಅವನು ಈ ಸಲ ಬೇಕೆಂದೇ, ಪ್ರಾರ್ಥನೆ ಮಾಡುವವನಂತೆ, ಬೆರಳನ್ನು ಅರ್ಧಕ್ಕೆ ನಿಲ್ಲಿಸಿದ.

“ಪರವಾಗಿಲ್ಲ ಅಜ್ಜಾ, ಇನ್ನೂ ಸ್ವಲ್ಪ ಕಲಿತರೆ ನಿನಗೂ ಬರುತ್ತೆ” ಎಂದಳು. ಅಂಥ ಪದಕ ಅವನಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. “ಗುರುಗಳೇ, ಆ ಶಿಲ್ಪಿಯ ಹೆಸರೇನು?” ಎಂದ ಶಿಷ್ಯ.

“ಆ ಬಾವಿಯ ನೀರು ಕುಡಿದವರು ಯಾರೂ ಅದನ್ನು ಕೇಳಲಿಲ್ಲವಲ್ಲ, ಮಗು” ಎಂದರು ಗುರುಗಳು.

ಶಿಷ್ಯ ಕೊಡ ಎತ್ತಿಕೊಂಡು ಅರವಟ್ಟಿಗೆಗೆ ನೀರು ತುಂಬಲು ಹೋದ.