ಅರ್ಧಕ್ಕೆ ಕತ್ತಿ ಕೆಳಗಿಟ್ಟ ರಾಚಪ್ಪ

ಬಹಳ ಹಿಂದೆ, ನಮ್ಮ ಮುತ್ತಜ್ಜಿಗೆ ಇನ್ನೂ ಹಾಲುಹಲ್ಲು ಬಂದಿರದ ಕಾಲದಲ್ಲಿ, ಹೊಳೆದಂಡೆಯ ಒಂದೂರಿನಲ್ಲಿ ಹಡಪದ ರಾಚಪ್ಪ ಅಂತ ಒಬ್ಬನಿದ್ದನಂತೆ. ಬೆಳಿಗ್ಗೆ ಕ್ಷೌರ, ಮಧ್ಯಾಹ್ನ ಹುಣ್ಣು-ಗಡ್ಡೆ ಕೊಯ್ಯುವುದು, ಎರಡೂ ಅವನದೇ. ಎಂಥ ಗಡ್ಡೆಯಾದರೂ ಕಣ್ಣು ಮಿಟುಕಿಸುವುದರೊಳಗೆ ತೆಗೆಯುತ್ತಿದ್ದನಂತೆ. ಆ ಜಂಬದಲ್ಲೇ ಒಮ್ಮೆ ಒಬ್ಬ ದೇಸಾಯಿಯ ತಲೆಯ ಗಡ್ಡೆಗೆ ಕೈ ಹಾಕಿದ. ಗಡ್ಡೆಯೂ ಹೋಯಿತು, ರಕ್ತ ಹರಿದು ದೇಸಾಯಿಯೂ ಹೋದ. ಅಂದಿನಿಂದ ರಾಚಪ್ಪ ಯಾರ ತಲೆಗೆ ಕತ್ತಿ ಇಟ್ಟರೂ ಅದು ಕ್ಷೌರಕ್ಕೆ ಮಾತ್ರ.

ಹೀಗಿರುವಾಗ ನೇಕಾರ ಈರಭದ್ರನನ್ನು ಅವನ ಹೆಂಡತಿ ಸಾತವ್ವ ಕೈಹಿಡಿದು ಕರೆತಂದಳಂತೆ. ಅವನ ಕಣ್ಣು ಮಂಜಾಗಿತ್ತು, ಮಿದುಳಿನಿಂದೆದ್ದ ಗಡ್ಡೆ ಬುರುಡೆಯನ್ನೇ ಸೀಳಿಕೊಂಡು ಹೊರಗೆ ಉಬ್ಬಿತ್ತು. ರಾಚಪ್ಪ ಅದಕ್ಕೆ ಕಿವಿಯಿಟ್ಟ. ಒಳಗೆ ರಕ್ತ ಹೊಳೆಯ ಹಾಗೆ ಮೊರೆಯುತ್ತಿತ್ತಂತೆ. ಆಗುವುದಿಲ್ಲ ಎಂದುಬಿಟ್ಟ. ಸಾತವ್ವ ಮೂರು ದಿನ ಅವನ ಕಟ್ಟೆ ಬಿಟ್ಟು ಏಳಲಿಲ್ಲ. ನಾಲ್ಕನೆಯ ದಿನ ಒಪ್ಪಿದ.

ಬೇರಿನ ರಸ ಕುಡಿಸಿ ಮಂಪರು ಬರಿಸಿ, ತಲೆ ತೆರೆದು, ಗಡ್ಡೆಗೆ ರಕ್ತ ಒಯ್ಯುವ ನಾಳಗಳನ್ನು ಈರಭದ್ರನ ಮಗ್ಗದ್ದೇ ರೇಷ್ಮೆ ಎಳೆಯಿಂದ ಒಂದೊಂದಾಗಿ ಕಟ್ಟಿದ. ಅಂದು ಗಡ್ಡೆ ಮುಟ್ಟದೆ ಹೊಲಿದುಬಿಟ್ಟ. ತಿಂಗಳಾದ ಮೇಲೆ ಕೊಯ್ಯಲು ಕೂತ. ಊರೆಲ್ಲ ನೆರೆದಿತ್ತು. ಅರ್ಧ ಗಡ್ಡೆ ಬಂತು. ಅಷ್ಟರಲ್ಲಿ ರಕ್ತ ಉಕ್ಕತೊಡಗಿತು. ಇನ್ನೊಂದೇ ಏಟು ಎಂದು ಜನ ಕೂಗಿದರಂತೆ. ರಾಚಪ್ಪನ ಕೈಯೂ ಹಾಗೇ ಹೇಳಿತು. ದೇಸಾಯಿಯ ದಿನವೂ ಅದು ಹಾಗೇ ಹೇಳಿತ್ತು. ಅವನು ಕತ್ತಿ ಕೆಳಗಿಟ್ಟು, ಬಟ್ಟೆ ಒತ್ತಿ ಹಿಡಿದು, ರಕ್ತ ನಿಂತ ಮೇಲೆ ಹೊಲಿದ.

ಆ ಸೀಮೆಯಲ್ಲಿ ಅರ್ಧ ತಲೆ ಬೋಳಿಸಿ ಕಳಿಸುವುದೆಂದರೆ ಕಳ್ಳರಿಗೆ ಕೊಡುವ ಶಿಕ್ಷೆ. ಗಡ್ಡೆಯ ಕಡೆ ಮಾತ್ರ ಬೋಳಿಸಿದ್ದ ಈರಭದ್ರನೂ ಹಾಗೇ ಕಾಣುತ್ತಿದ್ದ.

"ಊರು ನಗತೈತಣ್ಣಾ," ಅಂದಳಂತೆ ಸಾತವ್ವ.

"ನಗಲಿ ಬಿಡು ತಂಗಿ. ಉಳಿದ ಗಡ್ಡಿ ಮುಂದಿನ ತಿಂಗಳೂ ಅಲ್ಲೇ ಇರತೈತಿ. ಹೋದ ರಕ್ತ ನಾ ಎಲ್ಲಿಂದ ತರಲಿ?"

ಊರು ನಕ್ಕಿತು. ಅರೆಗೆಲಸದ ರಾಚಪ್ಪ ಅಂತ ಹೆಸರಿಟ್ಟು, ಎರಡು ತಿಂಗಳು ಒಬ್ಬರೂ ಅವನ ಬಳಿ ಕ್ಷೌರಕ್ಕೆ ಹೋಗಲಿಲ್ಲ. ಅವನು ಮಾತ್ರ ದಿನವೂ ಹೋಗಿ ಈರಭದ್ರನ ಉಗುರು ನೋಡಿ, ಕಣ್ಣಿನ ರೆಪ್ಪೆ ಬಿಡಿಸಿ ನೋಡಿ ಬರುತ್ತಿದ್ದ. ಮೈಗೆ ಮತ್ತೆ ರಕ್ತ ತುಂಬಿ ಅವು ಕೆಂಪೇರಿದ ದಿನ ಮೂರನೆಯ ಸಲ ತಲೆ ತೆರೆದು, ಉಳಿದದ್ದನ್ನು ಬೇರುಸಹಿತ ತೆಗೆದ. ಹತ್ತನೆಯ ದಿನಕ್ಕೆ ಈರಭದ್ರ ಸೂಜಿಗೆ ತಾನೇ ದಾರ ಪೋಣಿಸಿದನಂತೆ. ಮನುಷ್ಯನ ಕೈಯಿಂದ ಇಂಥದ್ದು ಆಯಿತಲ್ಲ ಎಂದು ಕೇಳಿದವರ ಮೈ ಈಗಲೂ ಜುಮ್ಮೆನ್ನುತ್ತದೆ.

ರಾಚಪ್ಪ ಹೋಗಿ ಎಷ್ಟು ಕಾಲವಾಯಿತೋ. ಆ ಊರಲ್ಲಿ ಇಂದಿಗೂ ಮಗುವಿನ ಜಾವಳ ತೆಗೆಯುವಾಗ ಅರ್ಧ ತಲೆಯಾದ ಕೂಡಲೇ ಕತ್ತಿ ಕೆಳಗಿಡುತ್ತಾರೆ. ತಾಯಿ ಮಗುವಿಗೆ ಹಾಲು ಕುಡಿಸುತ್ತಾಳೆ. ಅದು ಸಾಕೆಂದು ಮುಖ ತಿರುಗಿಸುವ ತನಕ, ಎಷ್ಟು ಹೊತ್ತಾದರೂ, ಹಡಪದವರು ಕಾಯುತ್ತಾರೆ.